ಕಾನ್ಫಿಗ್ ಫೈಲ್ ಪಕ್ಕಕ್ಕಿಟ್ಟು ಪಿಪ್, ಜೆಮ್, ಎನ್‌ಪಿಎಂ, ಆಪ್ಟ್ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಮೈಸೂರಿನ ಕಾಲೇಜು ಲ್ಯಾಬಿನಲ್ಲಿ ಸಲೀಸಾಗಿ ಓಡಿದ ಪಿಪ್ ಇನ್‌ಸ್ಟಾಲ್, ಸಂಜೆ ಮಂಡ್ಯದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿದ ಕೂಡಲೇ ಮೊಂಡು ಹಿಡಿಯುತ್ತದೆ. ನೆಟ್ ಸರಿಯಿದೆ, ಬ್ರೌಸರ್ ತೆರೆಯುತ್ತದೆ, ಪಿಪ್ ಮಾತ್ರ ಅಲ್ಲಾಡುವುದಿಲ್ಲ. ಇಂಥ ಕಡೆ ಮೊದಲು ಅನುಮಾನಿಸಬೇಕಾದದ್ದು ಎಲ್ಲೋ ಮೂಲೆಯಲ್ಲಿ ಕೂತಿರುವ ಕಾನ್ಫಿಗ್ ಫೈಲನ್ನು, ಅಂದರೆ ಆ ಸಾಧನದ ಸೆಟ್ಟಿಂಗ್ಸ್ ಬರೆದಿಟ್ಟ ಫೈಲನ್ನು. ಅದನ್ನು ಅಳಿಸದೆ, ಒಂದು ಸಲದ ಮಟ್ಟಿಗೆ ಪಕ್ಕಕ್ಕಿಡುವುದು ಹೇಗೆ ಎಂಬುದು ಈ ಪುಟದ ವಿಷಯ. ಪಿಪ್ ಪೈಥಾನ್‌ಗೆ, ಜೆಮ್ ರೂಬಿಗೆ, ಎನ್‌ಪಿಎಂ ಜಾವಾಸ್ಕ್ರಿಪ್ಟ್‌ಗೆ, ಆಪ್ಟ್ ಉಬುಂಟು, ಡೆಬಿಯನ್‌ಗೆ ಪ್ಯಾಕೇಜ್ ಹಾಕುವ ಸಾಧನಗಳು.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಅಡಿಗೆರೆ ಇರುವ ಎನ್ವಿರಾನ್ಮೆಂಟ್ ವೇರಿಯಬಲ್ (ಆಜ್ಞೆಗಳಿಗೆ ಟರ್ಮಿನಲ್ ಒದಗಿಸುವ ಹೆಸರು-ಬೆಲೆ ಜೋಡಿ) ಹೆಸರುಗಳು ಬೇರೆ ಹೇಳದಿದ್ದರೆ ಪೂರ್ತಿ ದೊಡ್ಡಕ್ಷರ, ಉಳಿದ ಆಜ್ಞೆಗಳು ಸಣ್ಣಕ್ಷರ. ಕಾಗುಣಿತ ತಪ್ಪಬಹುದಾದ ಕಡೆ ಅಲ್ಲಲ್ಲೇ ಹೇಳಿದೆ.

ನಾನು ಯಾವ ಕಾನ್ಫಿಗ್ ಫೈಲನ್ನೂ ಬರೆದಿಲ್ಲವಲ್ಲ, ಅದು ಎಲ್ಲಿಂದ ಬಂತು?

ನೀವು ಕೈಯಾರೆ ಬರೆಯಬೇಕಿಲ್ಲ. ಲ್ಯಾಬಿನಲ್ಲಿ ಯಾರೋ ಹೇಳಿಕೊಟ್ಟ "ಪಿಪ್ ಕಾನ್ಫಿಗ್ ಸೆಟ್" ಅಥವಾ "ಎನ್‌ಪಿಎಂ ಕಾನ್ಫಿಗ್ ಸೆಟ್" ಆಜ್ಞೆಯನ್ನು ಒಮ್ಮೆ ಓಡಿಸಿದ್ದರೆ ಸಾಕು, ಹೋಮ್ ಫೋಲ್ಡರಿನಲ್ಲಿ ಫೈಲ್ ಹುಟ್ಟಿರುತ್ತದೆ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸುಮ್ಮನೆ ಎಲ್‌ಎಸ್ ಹೊಡೆದರೆ ಕಾಣುವುದಿಲ್ಲ, ಎಲ್‌ಎಸ್ -ಎ ಬೇಕು. ಎನ್‌ಪಿಎಂಗೆ .ಎನ್‌ಪಿಎಂಆರ್‌ಸಿ, ಜೆಮ್ ಆಜ್ಞೆಯ ರೂಬಿಜೆಮ್ಸ್‌ಗೆ .ಜೆಮ್‌ಆರ್‌ಸಿ, ಪ್ಯಾಕೇಜ್ ಹಾಕುವ ಇನ್ನೊಂದು ಸಾಧನ ಕಾಂಡಾಗೆ .ಕಾಂಡಾಆರ್‌ಸಿ. ಕೊನೆಯ ಆ "ಆರ್‌ಸಿ" ಎರಡಕ್ಷರ 1960ರ ದಶಕದ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಯ "ರನ್‌ಕಾಮ್" ಎಂಬುದರಿಂದ ಬಂದದ್ದು. ಪಿಪ್ ಮಾತ್ರ ಈ ವಂಶದ್ದಲ್ಲ, ಅದರದು ಪಿಪ್.ಕಾನ್ಫ್, ವಿಂಡೋಸ್‌ನಲ್ಲಿ ಪಿಪ್.ಐಎನ್‌ಐ.

ಕಾನ್ಫಿಗ್ ಫೈಲೇ ಕಾರಣ ಅಂತ ಗೊತ್ತಾಗುವುದು ಹೇಗೆ?

ಪಿಪ್ ವಿಷಯದಲ್ಲಿ ಲಕ್ಷಣ ಸ್ಪಷ್ಟ. "ರಿಟ್ರೈಯಿಂಗ್" ಎಂಬ ಎಚ್ಚರಿಕೆ ಸಾಲು ಬರುತ್ತದೆ, ಅದರೊಳಗೆ ಟೋಟಲ್=4 ಇರುತ್ತದೆ, ಮುಂದಿನದರಲ್ಲಿ 3, ಹೀಗೇ 0 ತನಕ. ಪಿಪ್ ಒಂದು ಸಂಪರ್ಕಕ್ಕೆ 15 ಸೆಕೆಂಡ್ ಕಾಯುತ್ತದೆ, ಸೋತರೆ ಇನ್ನೂ 5 ಸಲ ಪ್ರಯತ್ನಿಸುತ್ತದೆ. ಅಂದರೆ ತಪ್ಪು ವಿಳಾಸಕ್ಕೆ ಬಡಿದುಕೊಂಡು ಕೈಚೆಲ್ಲುವ ಹೊತ್ತಿಗೆ ಒಂದೂವರೆ ನಿಮಿಷ ದಾಟಬಹುದು. ಆ ಸಾಲಿನಲ್ಲಿ "ಕ್ಯಾನಾಟ್ ಕನೆಕ್ಟ್ ಟು ಪ್ರಾಕ್ಸಿ" ಎಂದಿದ್ದರೆ (ಪ್ರಾಕ್ಸಿ ಅಂದರೆ ನಡುವೆ ನಿಂತು ನೆಟ್ ಸಂಪರ್ಕ ಕೊಡುವ ಯಂತ್ರ), ಅಥವಾ 10. ಇಲ್ಲವೇ 192.168. ಎಂದು ಶುರುವಾಗುವ ವಿಳಾಸ ಕಂಡರೆ, ಅದು ಲ್ಯಾಬಿನ ಒಳಗಿನ ಯಂತ್ರ. ಹೊರಗಿನಿಂದ ಅದು ಸಿಗುವ ಮಾತೇ ಇಲ್ಲ.

ಎರಡನೇ ಲಕ್ಷಣ, ಪಕ್ಕದವರ ಯಂತ್ರದಲ್ಲಿ ಅದೇ ಆಜ್ಞೆ ಬೇರೆ ಆವೃತ್ತಿ ಹಾಕುತ್ತದೆ, ಅಥವಾ ನಿಮ್ಮಲ್ಲಿ ಮಾತ್ರ ಪ್ಯಾಕೇಜ್ ಬೇರೆ ಫೋಲ್ಡರಿಗೆ ಹೋಗಿ ಕೂರುತ್ತದೆ.

ಕಡೆಗಣಿಸುವ ಮುಂಚೆ ಏನು ನೋಡಬೇಕು?

ಯಾವ ಫೈಲ್ ಮಾತಾಡುತ್ತಿದೆ ಎಂಬುದನ್ನು. ಇದನ್ನು ಬಿಟ್ಟು ನೇರ ಫ್ಲ್ಯಾಗ್‌ಗೆ (ಆಜ್ಞೆಯ ಜೊತೆ - ಅಥವಾ -- ಹಾಕಿ ಕೊಡುವ ಆಯ್ಕೆಗೆ) ಕೈ ಹಾಕುವುದರಿಂದಲೇ ಅರ್ಧ ಗೋಜಲು ಹುಟ್ಟುವುದು.

ಪಿಪ್ ಕಾನ್ಫಿಗ್ ಡೀಬಗ್
ಎನ್‌ಪಿಎಂ ಕಾನ್ಫಿಗ್ ಲಿಸ್ಟ್
ಜೆಮ್ ಎನ್ವಿರಾನ್ಮೆಂಟ್
ಬಂಡಲ್ ಕಾನ್ಫಿಗ್
ಕಾಂಡಾ ಕಾನ್ಫಿಗ್ --ಶೋ-ಸೋರ್ಸಸ್
ಆಪ್ಟ್-ಕಾನ್ಫಿಗ್ ಡಂಪ್

ಇವುಗಳಲ್ಲಿ ಮೊದಲನೆಯದು ಚಿನ್ನದಂಥದ್ದು. ಪಿಪ್ ಯಾವ ಯಾವ ಜಾಗ ಹುಡುಕಿತು, ಅಲ್ಲಿ ಫೈಲ್ ಇತ್ತೇ ಇಲ್ಲವೇ, ಇದ್ದರೆ ಒಳಗೆ ಏನಿದೆ, ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. "ಎಕ್ಸಿಸ್ಟ್ಸ್: ಟ್ರೂ" ಎಂದಿರುವ ಸಾಲುಗಳನ್ನಷ್ಟೇ ಓದಿದರೆ ಆಯಿತು. ಆಪ್ಟ್‌ನ ಡಂಪ್ ಉದ್ದ ಬರುತ್ತದೆ, ಗ್ರೆಪ್ -ಐ ಪ್ರಾಕ್ಸಿ ಹಾಕಿ ಸೋಸಿಕೊಳ್ಳಿ.

ಪಿಪ್‌ಗೆ --ಐಸೊಲೇಟೆಡ್ ಕೊಟ್ಟೆ. ಆದರೂ ಹಳೇ ವಿಳಾಸಕ್ಕೇ ಹೋಗುತ್ತಿದೆ. ಯಾಕೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಹೆಸರು ನೋಡಿದರೆ ಎಲ್ಲವನ್ನೂ ಬಿಟ್ಟುಬಿಡುತ್ತದೆ ಅನ್ನಿಸುತ್ತದೆ, ಆದರೆ ಅದು ಬಿಡುವುದು ಎರಡನ್ನು ಮಾತ್ರ: ನಿಮ್ಮ ಹೋಮ್ ಫೋಲ್ಡರಿನ ಯೂಸರ್ ಕಾನ್ಫಿಗ್, ಮತ್ತು ಪಿಪ್_ ಎಂದು ಶುರುವಾಗುವ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು.

ಪಿಪ್ ಓದುವ ಜಾಗಗಳು ಲಿನಕ್ಸ್‌ನಲ್ಲಿ ಮುಖ್ಯವಾಗಿ ಮೂರು. ಇಡೀ ಯಂತ್ರಕ್ಕೆ /ಇಟಿಸಿ/ಪಿಪ್.ಕಾನ್ಫ್. ಬಳಕೆದಾರರಿಗೆ ~/.ಕಾನ್ಫಿಗ್/ಪಿಪ್/ಪಿಪ್.ಕಾನ್ಫ್, ಹಳೆಯ ಯಂತ್ರಗಳಲ್ಲಿ ~/.ಪಿಪ್/ಪಿಪ್.ಕಾನ್ಫ್. ಮೂರನೆಯದು ವರ್ಚುವಲ್ ಎನ್ವಿರಾನ್ಮೆಂಟಿನ (ಒಂದು ಕೆಲಸದ ಪ್ಯಾಕೇಜುಗಳನ್ನು ಬೇರೆಯಾಗಿ ಇಡುವ ಫೋಲ್ಡರಿನ) ಬೇರಿನಲ್ಲಿರುವ ಪಿಪ್.ಕಾನ್ಫ್, ಇದಕ್ಕೆ "ಸೈಟ್" ಎನ್ನುತ್ತಾರೆ. ಇದೇ ಕ್ರಮದಲ್ಲಿ ಓದುತ್ತದೆ, ನಂತರದ್ದು ಹಿಂದಿನದನ್ನು ಮುಚ್ಚುತ್ತದೆ. ಇವೆಲ್ಲದರ ಮೇಲೆ ಎನ್ವಿರಾನ್ಮೆಂಟ್ ವೇರಿಯಬಲ್, ಅದರ ಮೇಲೆ ಕಮಾಂಡ್ ಲೈನಿನಲ್ಲಿ ನೀವು ಕೊಟ್ಟದ್ದು.

ನಾಲೆಯ ತೂಬು ಮುಚ್ಚಿಯೂ ಗದ್ದೆ ಒಣಗದಿದ್ದರೆ ಮಂಡ್ಯದ ರೈತರು ಏನು ಮಾಡುತ್ತಾರೆ? ಮೇಲಿನ ಗದ್ದೆಯ ಮಡೆ ತೆರೆದಿದೆಯಾ ಎಂದು ಹೋಗಿ ನೋಡುತ್ತಾರೆ. ಇಲ್ಲಿಯೂ ಅಷ್ಟೆ. --ಐಸೊಲೇಟೆಡ್ ಕಟ್ಟಿದ್ದು ಯೂಸರ್ ಮಡೆಯನ್ನು. /ಇಟಿಸಿ ಕಡೆಯದೂ ವರ್ಚುವಲ್ ಎನ್ವಿರಾನ್ಮೆಂಟ್ ಕಡೆಯದೂ ಹರಿಯುತ್ತಲೇ ಇವೆ.

ಹಾಗಾದರೆ ಪಿಪ್‌ನ ಎಲ್ಲ ಕಾನ್ಫಿಗ್ ಫೈಲುಗಳನ್ನೂ ಬಿಡುವುದು ಹೇಗೆ?

ಪಿಪ್_ಕಾನ್ಫಿಗ್_ಫೈಲ್=/ಡೆವ್/ನಲ್ ಪಿಪ್ ಇನ್‌ಸ್ಟಾಲ್ ಪ್ಯಾಕೇಜ್‌ಹೆಸರು

ಪಿಪ್_ಕಾನ್ಫಿಗ್_ಫೈಲ್ ವೇರಿಯಬಲ್‌ನ ಮೂಲ ಕೆಲಸ ಇನ್ನೊಂದು ಫೈಲಿನ ದಾರಿ ತೋರಿಸುವುದು. ಆದರೆ ಅದರ ಬೆಲೆ /ಡೆವ್/ನಲ್ (ಲಿನಕ್ಸ್‌ನ ಖಾಲಿ ಸಾಧನ) ಆಗಿದ್ದರೆ ಪಿಪ್ ಅದನ್ನು ವಿಶೇಷವಾಗಿ ಗುರುತಿಸಿ, ಯಾವ ಫೈಲನ್ನೂ ಓದುವುದಿಲ್ಲ. ನಲ್‌ಗೆ ಇಂಗ್ಲಿಷಿನಲ್ಲಿ ಎರಡು ಎಲ್.

ಇದು ಫೈಲುಗಳನ್ನು ಮಾತ್ರ ತಡೆಯುತ್ತದೆ. ಪಿಪ್_ಇಂಡೆಕ್ಸ್_ಯುಆರ್‌ಎಲ್ (ಪ್ಯಾಕೇಜ್ ಹುಡುಕುವ ಇಂಡೆಕ್ಸಿನ ವಿಳಾಸ) ಎಂಬ ವೇರಿಯಬಲ್ ನಿಮ್ಮ .ಬ್ಯಾಶ್‌ಆರ್‌ಸಿಯಲ್ಲಿ ಕೂತಿದ್ದರೆ ಅದು ನಡೆಯುತ್ತಲೇ ಇರುತ್ತದೆ. ಎರಡೂ ಬೇಡವಾದರೆ ಎರಡನ್ನೂ ಒಟ್ಟಿಗೆ ಕೊಡಿ:

ಪಿಪ್_ಕಾನ್ಫಿಗ್_ಫೈಲ್=/ಡೆವ್/ನಲ್ ಪಿಪ್ --ಐಸೊಲೇಟೆಡ್ ಇನ್‌ಸ್ಟಾಲ್ ಪ್ಯಾಕೇಜ್‌ಹೆಸರು

ಸಾಲಿನ ಮುಂದೆ ಹೀಗೆ ಅಂಟಿಸಿದ ವೇರಿಯಬಲ್ ಆ ಒಂದು ಆಜ್ಞೆಗೆ ಮಾತ್ರ ಅನ್ವಯ. ಎಕ್ಸ್‌ಪೋರ್ಟ್ ಮಾಡಲು ಹೋಗಬೇಡಿ, ನಾಳೆ ಲ್ಯಾಬಿಗೆ ಹೋದಾಗ ಮಿರರ್ (ಲ್ಯಾಬಿನೊಳಗೆ ಪ್ಯಾಕೇಜುಗಳ ನಕಲು ಇಟ್ಟಿರುವ ಸರ್ವರ್) ಯಾಕೆ ಸಿಗುತ್ತಿಲ್ಲ ಎಂದು ಮತ್ತೆ ಒಂದು ಗಂಟೆ ಹೋಗುತ್ತದೆ.

ವಿಂಡೋಸ್‌ನಲ್ಲಿ ಇದೇ ಸಾಲು ಕೆಲಸ ಮಾಡುತ್ತಿಲ್ಲ.

ಮಾಡುವುದಿಲ್ಲ. ವಿಂಡೋಸ್‌ನಲ್ಲಿ ಖಾಲಿ ಸಾಧನದ ಹೆಸರು ಬರೀ "ನಲ್", ಇಂಗ್ಲಿಷಿನಲ್ಲಿ ಒಂದೇ ಎಲ್, ಪೂರ್ತಿ ಸಣ್ಣಕ್ಷರ. ಪಿಪ್ ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ ದೊಡ್ಡಕ್ಷರದಲ್ಲಿ ಬರೆದರೂ ಆಗದು. ಪವರ್‌ಶೆಲ್‌ನಲ್ಲಿ:

$ಎನ್ವ್:ಪಿಪ್_ಕಾನ್ಫಿಗ್_ಫೈಲ್ = "ನಲ್"

ಹಳೇ ಕಮಾಂಡ್ ಪ್ರಾಂಪ್ಟ್‌ನಲ್ಲಾದರೆ ಸೆಟ್ ಪಿಪ್_ಕಾನ್ಫಿಗ್_ಫೈಲ್=ನಲ್ ಎಂದು ಹೊಡೆದು ಎಂಟರ್ ಒತ್ತಿ, ಪಿಪ್ ಆಜ್ಞೆಯನ್ನು ಮುಂದಿನ ಸಾಲಿನಲ್ಲಿ ಕೊಡಿ. ಒಂದೇ ಸಾಲಿನಲ್ಲಿ "ನಲ್ && ಪಿಪ್" ಎಂದು ಜೋಡಿಸಿದರೆ ನಲ್ ನಂತರದ ಖಾಲಿ ಜಾಗವೂ ಬೆಲೆಯೊಳಗೆ ಸೇರಿಕೊಳ್ಳುತ್ತದೆ, ಹೋಲಿಕೆ ತಪ್ಪುತ್ತದೆ. ಸಮ ಚಿಹ್ನೆಯ ಆಚೀಚೆಯೂ ಜಾಗ ಬಿಡಬಾರದು.

ಇದೆಲ್ಲ ಸರಿ ಮಾಡಿದರೂ ಪ್ರಾಕ್ಸಿ ಬಿಡದಿದ್ದರೆ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಕೆಳಗಿನ ಪ್ರಾಕ್ಸಿ ಪುಟ ನೋಡಿ. ವಿಂಡೋಸ್‌ನಲ್ಲಿ ಪಿಪ್ ಸಿಸ್ಟಮ್ ಪ್ರಾಕ್ಸಿಯನ್ನೂ ಎತ್ತಿಕೊಳ್ಳುತ್ತದೆ. ಅದು ಪಿಪ್‌ನ ಕಾನ್ಫಿಗ್ ಅಲ್ಲ, ಆದ್ದರಿಂದ ಕಾನ್ಫಿಗ್ ಬಿಡುವ ಯಾವ ಫ್ಲ್ಯಾಗ್ ಹಾಕಿದರೂ ಅದು ಹೋಗದು.

ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿಕೊಂಡರೆ ಸಾಲದೇ?

ಸಾಲದು. ಅದು ಬೇರ್ಪಡಿಸುವುದು ಪ್ಯಾಕೇಜುಗಳನ್ನು, ಕಾನ್ಫಿಗ್ ಅನ್ನಲ್ಲ.

ಕಾನ್ಫಿಗ್ ಬಿಟ್ಟ ಮೇಲೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್" ಎಂಬ ಹೊಸ ತಪ್ಪು ಬಂತು.

ಹೊಸದಲ್ಲ, ಮುಚ್ಚಿಟ್ಟಿದ್ದು ಹೊರಬಂತು. ಈಚಿನ ಉಬುಂಟು, ಡೆಬಿಯನ್‌ನಲ್ಲಿ ಸಿಸ್ಟಮ್ ಪೈಥಾನ್‌ಗೆ ನೇರವಾಗಿ ಪಿಪ್‌ನಿಂದ ಹಾಕಲು ಬಿಡುವುದಿಲ್ಲ. ಯಾರೋ ನಿಮ್ಮ ಪಿಪ್.ಕಾನ್ಫ್‌ನಲ್ಲಿ "ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ = ಟ್ರೂ" ಎಂದು ಬರೆದಿದ್ದರು, ಅದರಿಂದ ಇಷ್ಟು ದಿನ ತಡೆ ಕಾಣಲಿಲ್ಲ. ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ ಅದರೊಳಗೆ ಹಾಕಿ. ಆ ಸಾಲನ್ನು ಫೈಲಿನಿಂದಲೂ ತೆಗೆದುಬಿಡುವುದು ಒಳ್ಳೆಯದು.

ತಿರುಗುಮುರುಗು ಕೂಡ ಆಗುತ್ತದೆ. "ರಿಕ್ವೈರ್-ವರ್ಚುವಲ್‌ಎನ್ವ್ = ಟ್ರೂ" ಎಂದು ಕಾವಲು ಹಾಕಿಕೊಂಡವರು ಕಾನ್ಫಿಗ್ ಬಿಟ್ಟು ಓಡಿಸಿದರೆ ಆ ಕಾವಲೂ ಇರುವುದಿಲ್ಲ. ಯಾವ ಪೈಥಾನ್‌ಗೆ ಹಾಕುತ್ತಿದ್ದೀರಿ ಎಂದು ಪಿಪ್ --ವರ್ಷನ್ ಹೊಡೆದು ದಾರಿ ನೋಡಿಕೊಂಡೇ ಮುಂದುವರಿಯಿರಿ.

ಯುವಿ ಬಳಸುತ್ತೇನೆ. ಪಿಪ್.ಕಾನ್ಫ್ ಅದಕ್ಕೂ ತಟ್ಟುತ್ತದೆಯೇ?

ಇಲ್ಲ. ಯುವಿ (ಪೈಥಾನ್ ಪ್ಯಾಕೇಜ್ ಹಾಕುವ ಇನ್ನೊಂದು ಸಾಧನ) ಪಿಪ್‌ನ ಫೈಲನ್ನೂ ಓದುವುದಿಲ್ಲ, ಪಿಪ್_ ವೇರಿಯಬಲ್‌ಗಳನ್ನೂ ಓದುವುದಿಲ್ಲ. "ಪಿಪ್‌ನಲ್ಲಿ ಲ್ಯಾಬ್ ಮಿರರ್ ಸಿಗುತ್ತದೆ, ಯುವಿಯಲ್ಲಿ ಸಿಗುವುದಿಲ್ಲ" ಎಂಬ ದೂರಿಗೆ ಕಾರಣ ಇದೇ. ಯುವಿಗೆ ಅದರದೇ ಯುವಿ.ಟಾಮಲ್ ಇದೆ, ಪೈಪ್ರಾಜೆಕ್ಟ್.ಟಾಮಲ್‌ನಲ್ಲೂ ಅದರ ಭಾಗ ಇರಬಹುದು. ಅವನ್ನು ಬಿಡಲು --ನೋ-ಕಾನ್ಫಿಗ್, ಅಥವಾ ಯುವಿ_ನೋ_ಕಾನ್ಫಿಗ್=1.

ರೂಬಿಯಲ್ಲಿ?

ರೂಬಿಜೆಮ್ಸ್‌ನವರು ಇದನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ.

ಜೆಮ್ ಇನ್‌ಸ್ಟಾಲ್ ರೇಕ್ --ನೋಆರ್‌ಸಿ

ಇಂಗ್ಲಿಷಿನಲ್ಲಿ ಎನ್, ಓ, ಆರ್, ಸಿ, ನಡುವೆ ಗೆರೆ ಇಲ್ಲ. ಇದೊಂದೇ ಫ್ಲ್ಯಾಗ್ ಯಂತ್ರದ /ಇಟಿಸಿ/ಜೆಮ್‌ಆರ್‌ಸಿ, ನಿಮ್ಮ ~/.ಜೆಮ್‌ಆರ್‌ಸಿ, ಮತ್ತು ಜೆಮ್‌ಆರ್‌ಸಿ ಎಂಬ ವೇರಿಯಬಲ್ ತೋರಿಸುವ ಫೈಲುಗಳು, ಮೂರನ್ನೂ ಬಿಡುತ್ತದೆ. ಪಿಪ್‌ನ ಹಾಗೆ ಅರ್ಧಂಬರ್ಧ ಇಲ್ಲ.

ಪರಿಣಾಮ ಮೂರು ಕಡೆ ಕಾಣುತ್ತದೆ. ಮೊದಲನೆಯದು, .ಜೆಮ್‌ಆರ್‌ಸಿಯಲ್ಲಿ ಬರೆದಿದ್ದ ಸೋರ್ಸ್‌ಗಳು ಹೋಗಿ ರೂಬಿಜೆಮ್ಸ್.ಆರ್ಗ್ ಮಾತ್ರ ಉಳಿಯುತ್ತದೆ. ಎರಡನೆಯದು, ಬಹಳ ಜನ ಅಲ್ಲಿ "ಜೆಮ್: --ನೋ-ಡಾಕ್ಯುಮೆಂಟ್" ಎಂದು ಬರೆದಿರುತ್ತಾರೆ. ಅದು ಹೋದಾಗ ಪ್ರತಿ ಜೆಮ್‌ಗೂ ದಸ್ತಾವೇಜು ತಯಾರಾಗಲು ಶುರುವಾಗಿ, ಹಳೇ ಲ್ಯಾಪ್‌ಟಾಪ್ ಆಮೆಯಂತಾಗುತ್ತದೆ. --ನೋ-ಡಾಕ್ಯುಮೆಂಟ್ ಅನ್ನು ಸಾಲಿನಲ್ಲೇ ಸೇರಿಸಿಬಿಡಿ. ಮೂರನೆಯದು, ಜೆಮ್‌ಹೋಮ್ ಅನ್ನು .ಜೆಮ್‌ಆರ್‌ಸಿಯಲ್ಲೇ ಇಟ್ಟಿದ್ದರೆ ಜೆಮ್ ಲಿಸ್ಟ್ ಬೇರೆಯೇ ಪಟ್ಟಿ ತೋರಿಸುತ್ತದೆ. ಅಳಿಸಿಹೋಯಿತೆಂದು ಗಾಬರಿ ಬೇಡ, ನೋಡುತ್ತಿರುವ ಫೋಲ್ಡರ್ ಬೇರೆ ಅಷ್ಟೆ. ಜೆಮ್_ಹೋಮ್ ವೇರಿಯಬಲ್ ಆಗಿ ಕೊಟ್ಟಿದ್ದರೆ ಅದಕ್ಕೆ ಈ ಫ್ಲ್ಯಾಗ್ ತಟ್ಟುವುದಿಲ್ಲ.

ಬಂಡ್ಲರ್‌ಗೂ --ನೋಆರ್‌ಸಿ ನಡೆಯುತ್ತದೆಯೇ?

ಪ್ರಾಜೆಕ್ಟಿಗೆ ಬೇಕಾದ ಜೆಮ್‌ಗಳನ್ನು ಒಟ್ಟಿಗೆ ಹಾಕುವ ಬಂಡ್ಲರ್‌ನದು ಬೇರೆ ಲೆಕ್ಕ. ಬಂಡಲ್_ಇಗ್ನೋರ್_ಕಾನ್ಫಿಗ್=1 ಎಂದು ಮುಂದೆ ಅಂಟಿಸಿ ಓಡಿಸಿ. ಪ್ರಾಜೆಕ್ಟಿನ .ಬಂಡಲ್/ಕಾನ್ಫಿಗ್, ಹೋಮ್ ಫೋಲ್ಡರಿನದು, ಎರಡೂ ಬಿಟ್ಟುಹೋಗುತ್ತವೆ. ಜೆಮ್‌ಗಳನ್ನು ವೆಂಡರ್/ಬಂಡಲ್ ಒಳಗೆ ಹಾಕುವಂತೆ ಆ ಫೈಲಿನಲ್ಲೇ ಹೇಳಿದ್ದರೆ "ಕುಡ್ ನಾಟ್ ಫೈಂಡ್" ಎಂಬ ಸಾಲುಗಳ ಸುರಿಮಳೆ ಬರುತ್ತದೆ. ಕೆಟ್ಟದ್ದೇನೂ ಆಗಿಲ್ಲ, ಬಂಡಲ್_ಪಾತ್=ವೆಂಡರ್/ಬಂಡಲ್ ಎಂದೂ ಸೇರಿಸಿ.

ಎನ್‌ಪಿಎಂಗೆ ಎಲ್ಲ ಕಾನ್ಫಿಗ್ ಬಿಡುವ ಒಂದೇ ಫ್ಲ್ಯಾಗ್ ಯಾವುದು?

ಇಲ್ಲ. ಎನ್‌ಪಿಎಂ ನಾಲ್ಕು .ಎನ್‌ಪಿಎಂಆರ್‌ಸಿ ಮಟ್ಟಗಳನ್ನು ನೋಡುತ್ತದೆ: ಪ್ರಾಜೆಕ್ಟ್, ಯೂಸರ್, ಗ್ಲೋಬಲ್, ಎನ್‌ಪಿಎಂ ಜೊತೆಗೇ ಬರುವ ಒಳಗಿನದು. ಯೂಸರ್ ಮತ್ತು ಗ್ಲೋಬಲ್ ಫೈಲುಗಳ ದಾರಿಯನ್ನು ಬೇರೆಡೆ ತಿರುಗಿಸಬಹುದು. ಎರಡಕ್ಕೂ /ಡೆವ್/ನಲ್ ಕೊಡೋಣ ಎಂದು ಯಾರಿಗಾದರೂ ಮೊದಲು ತೋಚುತ್ತದೆ, ಅಲ್ಲೇ ಎಡವುವುದು. ಒಂದೇ ಫೈಲನ್ನು ಎರಡು ಮಟ್ಟಕ್ಕೆ ಕೊಟ್ಟರೆ ಎನ್‌ಪಿಎಂ "ಡಬಲ್-ಲೋಡಿಂಗ್ ಕಾನ್ಫಿಗ್" ಎಂದು ತಪ್ಪು ಹೇಳಿ ನಿಂತುಬಿಡುತ್ತದೆ. ಎರಡು ಬೇರೆ ಬೇರೆ ಖಾಲಿ ಫೈಲ್ ಬೇಕು:

ಟಚ್ /ಟಿಎಂಪಿ/ಖಾಲಿ1 /ಟಿಎಂಪಿ/ಖಾಲಿ2
ಎನ್‌ಪಿಎಂ ಇನ್‌ಸ್ಟಾಲ್ --ಯೂಸರ್‌ಕಾನ್ಫಿಗ್=/ಟಿಎಂಪಿ/ಖಾಲಿ1 --ಗ್ಲೋಬಲ್‌ಕಾನ್ಫಿಗ್=/ಟಿಎಂಪಿ/ಖಾಲಿ2

ಪ್ರಾಜೆಕ್ಟ್ ಫೋಲ್ಡರಿನ .ಎನ್‌ಪಿಎಂಆರ್‌ಸಿಗೆ ಮಾತ್ರ ಇಂಥ ದಾರಿಯಿಲ್ಲ. ಅದರ ಹೆಸರು ಬದಲಿಸಿ, ಕೆಲಸ ಮುಗಿದ ಮೇಲೆ ಮರಳಿಸಬೇಕು. -ಜಿ ಕೊಟ್ಟು ಗ್ಲೋಬಲ್ ಆಗಿ ಹಾಕುವಾಗ ಎನ್‌ಪಿಎಂ ಪ್ರಾಜೆಕ್ಟ್ ಫೈಲನ್ನು ಹೇಗೂ ಓದುವುದಿಲ್ಲ. ಎನ್‌ಪಿಎಂ_ಕಾನ್ಫಿಗ್_ ಎಂದು ಶುರುವಾಗುವ ವೇರಿಯಬಲ್‌ಗಳಿದ್ದರೆ ಅವೂ ಉಳಿದಿರುತ್ತವೆ, ಎನ್ವ್ ಪೈಪ್ ಗ್ರೆಪ್ -ಐ ಎನ್‌ಪಿಎಂ_ಕಾನ್ಫಿಗ್ ಮಾಡಿ ನೋಡಿ (ಪೈಪ್ ಅಂದರೆ | ಚಿಹ್ನೆ).

ಸುಡೊ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಇಲ್ಲದೆ -ಜಿ ಬಳಸಲು .ಎನ್‌ಪಿಎಂಆರ್‌ಸಿಯಲ್ಲಿ "ಪ್ರಿಫಿಕ್ಸ್" ಸಾಲು ಬರೆದುಕೊಂಡವರು ಬಹಳ ಮಂದಿ. ಯೂಸರ್ ಫೈಲ್ ಬಿಟ್ಟಾಗ ಆ ಸಾಲೂ ಹೋಗಿ, ಎನ್‌ಪಿಎಂ ಸಿಸ್ಟಮ್ ಫೋಲ್ಡರಿಗೆ ಬರೆಯಲು ಹೋಗಿ "ಇಎಸಿಸಿಇಎಸ್" ಎಂದು ಬೀಳುತ್ತದೆ. ಅದಕ್ಕೆ ಮದ್ದು ಸುಡೊ ಅಲ್ಲ. --ಪ್ರಿಫಿಕ್ಸ್ ಅನ್ನು ಸಾಲಿನಲ್ಲೇ ಕೊಡುವುದು.

ಬರೀ ರಿಜಿಸ್ಟ್ರಿ (ಎನ್‌ಪಿಎಂ ಪ್ಯಾಕೇಜ್ ಇಳಿಸುವ ವಿಳಾಸ) ತಪ್ಪಿದ್ದರೆ ಇಷ್ಟೆಲ್ಲ ಬೇಡವೇ ಬೇಡ. --ರಿಜಿಸ್ಟ್ರಿ=ವಿಳಾಸ ಎಂದು ಕೊಟ್ಟರೆ ಕಮಾಂಡ್ ಲೈನ್ ಎಲ್ಲಕ್ಕಿಂತ ಮೇಲೆ. ಆದರೆ ಅಟ್ ಚಿಹ್ನೆಯಿಂದ ಶುರುವಾಗುವ ಸ್ಕೋಪ್‌ಗೆ ಪ್ರತ್ಯೇಕ ರಿಜಿಸ್ಟ್ರಿ ಬರೆದಿದ್ದರೆ ಆ ಸ್ಕೋಪಿನ ಪ್ಯಾಕೇಜುಗಳು ಇದಕ್ಕೆ ಬಗ್ಗುವುದಿಲ್ಲ.

ಎನ್‌ಪಿಎಂ ಬದಲು ಬಳಸುವ ಯಾರ್ನ್?

ಹಳೆಯ 1ನೇ ಆವೃತ್ತಿಯಲ್ಲಿ --ನೋ-ಡಿಫಾಲ್ಟ್-ಆರ್‌ಸಿ ಇದೆ, .ಯಾರ್ನ್‌ಆರ್‌ಸಿ ಮತ್ತು .ಎನ್‌ಪಿಎಂಆರ್‌ಸಿ ಎರಡನ್ನೂ ಹುಡುಕುವುದಿಲ್ಲ. ಹೊಸ ಯಾರ್ನ್‌ನಲ್ಲಿ ಯಾರ್ನ್_ಆರ್‌ಸಿ_ಫೈಲ್‌ನೇಮ್ ವೇರಿಯಬಲ್‌ಗೆ ಇಲ್ಲದ ಒಂದು ಹೆಸರು ಕೊಟ್ಟರೆ ಅದನ್ನೇ ಹುಡುಕಿ ಸುಮ್ಮನಾಗುತ್ತದೆ.

ಕಾನ್ಫಿಗ್ ಪೂರ್ತಿ ಬಿಟ್ಟೆ, ಪಟ್ಟಿಯಲ್ಲೂ ಏನಿಲ್ಲ. ಆದರೂ ಲ್ಯಾಬಿನ ಮಿರರ್‌ಗೇ ಹೋಗುತ್ತಿದೆ!

ಈಗ ಪ್ರಾಜೆಕ್ಟಿನ ಫೈಲುಗಳನ್ನೇ ತೆರೆದು ನೋಡಬೇಕು. ವಿಳಾಸ ಅಡಗಿ ಕೂರಲು ಕಾನ್ಫಿಗ್ ಫೈಲೇ ಆಗಬೇಕೆಂದಿಲ್ಲ.

ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿಯ ಮೊದಲ ಸಾಲಿನಲ್ಲಿ --ಇಂಡೆಕ್ಸ್-ಯುಆರ್‌ಎಲ್ ಇರಬಹುದು. ಪಿಪ್ ಅದನ್ನು ಪಾಲಿಸುತ್ತದೆ, ಐಸೊಲೇಟೆಡ್ ಇದ್ದರೂ. ಜೆಮ್‌ಫೈಲ್‌ನ ಮೇಲ್ಗಡೆಯ "ಸೋರ್ಸ್" ಸಾಲೂ ಹಾಗೆಯೇ.

ಎನ್‌ಪಿಎಂನದು ಇನ್ನೂ ಸೂಕ್ಷ್ಮ. ಅದರ ಲಾಕ್ ಫೈಲಾದ ಪ್ಯಾಕೇಜ್-ಲಾಕ್.ಜೇಸನ್‌ನಲ್ಲಿ ಪ್ರತಿ ಪ್ಯಾಕೇಜಿಗೂ "ರಿಸಾಲ್ವ್ಡ್" ಎಂದು ಪೂರ್ತಿ ವಿಳಾಸ ಬರೆದಿರುತ್ತದೆ. ಲ್ಯಾಬಿನಲ್ಲಿ ಕೂತು ಮೊದಲ ಇನ್‌ಸ್ಟಾಲ್ ಮಾಡಿದ್ದರೆ ಅಲ್ಲಿ ಲ್ಯಾಬ್ ಮಿರರ್‌ನ ವಿಳಾಸವೇ ಅಚ್ಚಾಗಿರುತ್ತದೆ. ಎನ್‌ಪಿಎಂ ತಾನಾಗಿ ಬದಲಿಸುವುದು ಅಧಿಕೃತ ರಿಜಿಸ್ಟ್ರಿಯ ವಿಳಾಸ ಇದ್ದಾಗ ಮಾತ್ರ, ಬೇರೆ ವಿಳಾಸವನ್ನು ಇದ್ದ ಹಾಗೇ ಬಿಡುತ್ತದೆ. --ರಿಪ್ಲೇಸ್-ರಿಜಿಸ್ಟ್ರಿ-ಹೋಸ್ಟ್=ಆಲ್ವೇಸ್ ಸೇರಿಸಿ. ನಾಲ್ಕು ಜನ ಸೇರಿ ಮಾಡುವ ಕೊನೇ ವರ್ಷದ ಪ್ರಾಜೆಕ್ಟುಗಳಲ್ಲಿ ಒಬ್ಬರ ಲಾಕ್ ಫೈಲಿನಿಂದ ಉಳಿದ ಮೂವರ ಮನೆಯಲ್ಲಿ ಇನ್‌ಸ್ಟಾಲ್ ನಿಲ್ಲುವುದು ಹೀಗೆ.

ಫೈಲು, ಲಾಕ್ ಫೈಲು ಎರಡೂ ಚೊಕ್ಕ. ಇನ್ನೂ ಪ್ರಾಕ್ಸಿ ಬರುತ್ತಿದೆ.

ಎನ್ವ್ ಪೈಪ್ ಗ್ರೆಪ್ -ಐ ಪ್ರಾಕ್ಸಿ ಹೊಡೆಯಿರಿ. ಎಚ್‌ಟಿಟಿಪಿ_ಪ್ರಾಕ್ಸಿ, ಎಚ್‌ಟಿಟಿಪಿಎಸ್_ಪ್ರಾಕ್ಸಿ ಎಂಬ ವೇರಿಯಬಲ್‌ಗಳು ಯಾವ ಒಂದು ಸಾಧನದ ಸ್ವತ್ತೂ ಅಲ್ಲ, ಪಿಪ್, ಜೆಮ್, ಎನ್‌ಪಿಎಂ, ಆಪ್ಟ್ ಎಲ್ಲವೂ ಅವನ್ನು ನೋಡುತ್ತವೆ. ಸಣ್ಣಕ್ಷರದಲ್ಲೂ ದೊಡ್ಡಕ್ಷರದಲ್ಲೂ ಇರಬಹುದು, ಎರಡನ್ನೂ ತೆಗೆಯಬೇಕು. ಒಂದು ಸಲದ ಮಟ್ಟಿಗೆ ಆಜ್ಞೆಯ ಮುಂದೆ ಎನ್ವ್ -ಯು ಹೆಸರು ಎಂದು ಪ್ರತಿಯೊಂದಕ್ಕೂ ಹಾಕುತ್ತಾ ಹೋಗಿ.

ಗಿಟ್ ವಿಳಾಸದಿಂದ ಪ್ಯಾಕೇಜ್ ತರುವಾಗ ಗಿಟ್‌ನ ಕಾನ್ಫಿಗ್ ಕೂಡ ಆಟಕ್ಕೆ ಬರುತ್ತದೆ. ಪಿಪ್ ಅಲ್ಲಿ ಗಿಟ್ ಅನ್ನೇ ಕರೆಯುವುದರಿಂದ ~/.ಗಿಟ್‌ಕಾನ್ಫಿಗ್‌ನ ಪ್ರಾಕ್ಸಿ, ವಿಳಾಸ ಬದಲಿಸುವ "ಇನ್‌ಸ್ಟೆಡ್‌ಆಫ್" ಸಾಲುಗಳು ಜಾರಿಯಲ್ಲಿರುತ್ತವೆ. ಗಿಟ್_ಕಾನ್ಫಿಗ್_ಗ್ಲೋಬಲ್=/ಡೆವ್/ನಲ್ ಮತ್ತು ಗಿಟ್_ಕಾನ್ಫಿಗ್_ನೋಸಿಸ್ಟಮ್=1 ಎರಡನ್ನೂ ಕೊಡಿ. ಮೊದಲನೆಯದು ಗಿಟ್ 2.32ರಿಂದ ಈಚೆಗೆ ಮಾತ್ರ ಇದೆ.

ಆಪ್ಟ್‌ಗೆ -ಓ ಕೊಟ್ಟು /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ ಬಿಡಲು ನೋಡಿದೆ, ಆಗಲಿಲ್ಲ.

ಹೊತ್ತು ಮೀರಿತ್ತು, ಅದಕ್ಕೆ. ಆಪ್ಟ್ ಮೊದಲು ಎಪಿಟಿ_ಕಾನ್ಫಿಗ್ ವೇರಿಯಬಲ್ ತೋರಿಸುವ ಫೈಲ್ ಓದುತ್ತದೆ, ಆಮೇಲೆ ಆಪ್ಟ್.ಕಾನ್ಫ್.ಡಿ ಫೋಲ್ಡರಿನ ಚೂರುಗಳು, ಆಮೇಲೆ ಮುಖ್ಯ ಆಪ್ಟ್.ಕಾನ್ಫ್, ಕೊನೆಗೆ ಕಮಾಂಡ್ ಲೈನ್. ನೀವು -ಓ ಮೂಲಕ "ಆ ಫೋಲ್ಡರ್ ಓದಬೇಡ" ಎನ್ನುವ ಹೊತ್ತಿಗೆ ಅದು ಓದಿ ಮುಗಿಸಿರುತ್ತದೆ. ಆದ್ದರಿಂದ ಮೊದಲ ಮೆಟ್ಟಿಲಲ್ಲೇ ಹೇಳಬೇಕು. /ಟಿಎಂಪಿ/ಖಾಲಿ.ಕಾನ್ಫ್ ಎಂಬ ಫೈಲ್ ಮಾಡಿ ಎರಡು ಸಾಲು ಬರೆಯಿರಿ, ಪ್ರತಿ ಸಾಲಿನ ಕೊನೆಗೆ ಸೆಮಿಕೋಲನ್ ಮರೆಯಬೇಡಿ:

ಡಿರ್::ಇಟಿಸಿ::ಪಾರ್ಟ್ಸ್ "/ಡೆವ್/ನಲ್";
ಡಿರ್::ಇಟಿಸಿ::ಮೇನ್ "/ಡೆವ್/ನಲ್";

ನಂತರ:

ಸುಡೊ ಎನ್ವ್ ಎಪಿಟಿ_ಕಾನ್ಫಿಗ್=/ಟಿಎಂಪಿ/ಖಾಲಿ.ಕಾನ್ಫ್ ಆಪ್ಟ್-ಗೆಟ್ ಅಪ್‌ಡೇಟ್

ಅಪ್‌ಡೇಟ್, ಒಂದೆರಡು ಇನ್‌ಸ್ಟಾಲ್‌ಗೆ ಇದು ಸರಿ. ಬೇಡದ ಪ್ಯಾಕೇಜುಗಳನ್ನು ತಾನಾಗಿ ತೆಗೆಯುವ ಆಟೊರಿಮೂವ್‌ಗೆ ಬಳಸಬೇಡಿ. ಯಾವ ಪ್ಯಾಕೇಜುಗಳನ್ನು ತಾನಾಗಿ ತೆಗೆಯಬಾರದು ಎಂಬ ಪಟ್ಟಿ ಇರುವುದೇ ಆ ಫೋಲ್ಡರಿನ 01ಆಟೊರಿಮೂವ್ ಫೈಲಿನಲ್ಲಿ. ಅದನ್ನು ಕಣ್ಣಿಗೆ ಬೀಳದಂತೆ ಮಾಡಿ ಆಟೊರಿಮೂವ್ ಓಡಿಸುವುದು ಕಣ್ಣು ಕಟ್ಟಿಕೊಂಡು ಕಳೆ ಕಿತ್ತ ಹಾಗೆ.

ಆಪ್ಟ್‌ನ ಸೋರ್ಸ್ ಪಟ್ಟಿಯನ್ನು ಮಾತ್ರ ಬಿಡಬೇಕಿದ್ದರೆ?

ಅದಕ್ಕೆ -ಓ ಸಾಕು, ಏಕೆಂದರೆ ಸೋರ್ಸ್ ಪಟ್ಟಿ ಓದುವುದು ಆಮೇಲೆ. ಡಿರ್::ಇಟಿಸಿ::ಸೋರ್ಸ್‌ಪಾರ್ಟ್ಸ್ ಬೆಲೆಗೆ ಒಂದು ಅಡ್ಡಗೆರೆ ಕೊಟ್ಟರೆ ಸೋರ್ಸಸ್.ಲಿಸ್ಟ್.ಡಿ ಫೋಲ್ಡರ್ ಬಿಟ್ಟುಹೋಗುತ್ತದೆ. ಉಬುಂಟು 24.04ರಲ್ಲಿ ಒಂದು ಎಚ್ಚರ: ಅಲ್ಲಿ ಉಬುಂಟುವಿನ ಸ್ವಂತ ವಿಳಾಸಗಳೇ ಆ ಫೋಲ್ಡರಿನ ಉಬುಂಟು.ಸೋರ್ಸಸ್ ಫೈಲಿನಲ್ಲಿವೆ. ಹೊರಗಿನವರನ್ನು ಬಿಡಲು ಹೋಗಿ ಮನೆಯವರನ್ನೂ ಹೊರಗೆ ಹಾಕಿದಂತೆ ಆಗುತ್ತದೆ. ಡಿರ್::ಇಟಿಸಿ::ಸೋರ್ಸ್‌ಲಿಸ್ಟ್‌ಗೆ ಆ ಫೈಲಿನ ಪೂರ್ತಿ ದಾರಿಯನ್ನು ಜೊತೆಗೇ ಕೊಡಿ. ಎಪಿಟಿ::ಗೆಟ್::ಲಿಸ್ಟ್-ಕ್ಲೀನಪ್=0 ಕೂಡ ಸೇರಿಸಿ, ಇಲ್ಲದಿದ್ದರೆ ಬಿಟ್ಟ ಸೋರ್ಸ್‌ಗಳ ಪಟ್ಟಿಗಳನ್ನು ಆಪ್ಟ್ ಅಳಿಸಿಹಾಕುತ್ತದೆ, ಆಮೇಲೆ ಅವನ್ನು ಮತ್ತೆ ಇಳಿಸಬೇಕು.

ವೇರಿಯಬಲ್ ಕೊಟ್ಟೆ, ಸುಡೊ ಹಾಕಿದೆ, ಏನೂ ಬದಲಾಗಲಿಲ್ಲ.

ಸುಡೊ ಸಾಮಾನ್ಯವಾಗಿ ಎನ್ವಿರಾನ್ಮೆಂಟನ್ನು ಬಾಗಿಲಲ್ಲೇ ಕೊಡವಿ ಒಳಗೆ ಬಿಡುತ್ತದೆ. ವೇರಿಯಬಲ್ ಸುಡೊಗಿಂತ ಮುಂಚೆ ಬರೆದರೆ ಒಳಗೆ ತಲುಪುವುದಿಲ್ಲ. ಮೇಲಿನ ಸಾಲಿನಂತೆ ಸುಡೊ ಆದ ಮೇಲೆ ಎನ್ವ್ ಹಾಕಿ, ಅದರ ನಂತರ ವೇರಿಯಬಲ್.

ಕಾಂಡಾ, ಕಾರ್ಗೊ?

ಕಾಂಡಾದಲ್ಲಿ ಚಾನೆಲ್‌ಗಳ (ಪ್ಯಾಕೇಜ್ ಇಳಿಸುವ ಮೂಲಗಳ) ಮಟ್ಟಿಗೆ --ಓವರ್‌ರೈಡ್-ಚಾನೆಲ್ಸ್ ಇದೆ, ಜೊತೆಗೆ -ಸಿ ಚಾನೆಲ್‌ಹೆಸರು ಕೊಡಲೇಬೇಕು. ಹೊಸ ಎನ್ವಿರಾನ್ಮೆಂಟ್ ಮಾಡುವಾಗ ತಾನಾಗಿ ಸೇರುವ ಪ್ಯಾಕೇಜುಗಳನ್ನು ಬಿಡಲು --ನೋ-ಡಿಫಾಲ್ಟ್-ಪ್ಯಾಕೇಜಸ್. ಕಾಂಡಾ ಬದಲು ಬಳಸುವ ಮೈಕ್ರೋಮಾಂಬಾದಲ್ಲಿ --ನೋ-ಆರ್‌ಸಿ ಒಂದೇ ಎಲ್ಲವನ್ನೂ ಬಿಡುತ್ತದೆ, ಇಲ್ಲಿ ನಡುವೆ ಗೆರೆ ಇದೆ.

ರಸ್ಟ್ ಭಾಷೆಯ ಸಾಧನ ಕಾರ್ಗೊಗೆ ಅಂಥ ಫ್ಲ್ಯಾಗ್ ಇಲ್ಲ, ಆದರೆ ಒಂದು ಒಳದಾರಿ ಇದೆ. ಅದು .ಕಾರ್ಗೊ/ಕಾನ್ಫಿಗ್.ಟಾಮಲ್ ಅನ್ನು ಹುಡುಕುವುದು ನೀವು ನಿಂತಿರುವ ಫೋಲ್ಡರಿನಿಂದ ಮೇಲಕ್ಕೆ, ಪ್ರಾಜೆಕ್ಟ್ ಇರುವ ಕಡೆಯಿಂದಲ್ಲ. ಹಾಗಾಗಿ /ಟಿಎಂಪಿಗೆ ಹೋಗಿ ನಿಂತು --ಮ್ಯಾನಿಫೆಸ್ಟ್-ಪಾತ್ ಮೂಲಕ ಪ್ರಾಜೆಕ್ಟಿನ ಕಾರ್ಗೊ.ಟಾಮಲ್ ತೋರಿಸಿದರೆ ಪ್ರಾಜೆಕ್ಟಿನ ಕಾನ್ಫಿಗ್ ತಪ್ಪಿಹೋಗುತ್ತದೆ. ಯೂಸರ್ ಮಟ್ಟದ್ದನ್ನು ತಪ್ಪಿಸಲು ಕಾರ್ಗೊ_ಹೋಮ್ ಅನ್ನು ಖಾಲಿ ಫೋಲ್ಡರಿಗೆ ತಿರುಗಿಸಬೇಕು.

ಎಲ್ಲ ಸಾಧನಗಳಿಗೂ ಒಂದೇ ಉಪಾಯ ಇಲ್ಲವೇ?

ಹತ್ತಿರದ್ದು ಒಂದಿದೆ, ಹೋಮ್ ಫೋಲ್ಡರನ್ನೇ ಬದಲಿಸುವುದು:

ಎನ್ವ್ -ಐ ಹೋಮ್=$(ಎಂಕೆಟೆಂಪ್ -ಡಿ) ಪಾತ್="$ಪಾತ್" ಪಿಪ್ ಇನ್‌ಸ್ಟಾಲ್ ಪ್ಯಾಕೇಜ್‌ಹೆಸರು

ಹೋಮ್, ಪಾತ್ ಎರಡೂ ದೊಡ್ಡಕ್ಷರ. ಎನ್ವ್ -ಐ ಎಲ್ಲ ವೇರಿಯಬಲ್‌ಗಳನ್ನೂ ತೊಡೆದುಹಾಕುತ್ತದೆ, ಹೊಸ ಹೋಮ್ ಖಾಲಿ ಇರುವುದರಿಂದ ಯೂಸರ್ ಮಟ್ಟದ ಕಾನ್ಫಿಗ್ ಯಾವುದೂ ಸಿಗುವುದಿಲ್ಲ. /ಇಟಿಸಿ ಕಡೆಯದು, ಪ್ರಾಜೆಕ್ಟಿನದು ಉಳಿಯುತ್ತವೆ. ಕ್ಯಾಶ್ ಕೂಡ ಹೋಮ್ ಒಳಗೇ ಇರುವುದರಿಂದ ಎಲ್ಲವನ್ನೂ ಮೊದಲಿಂದ ಇಳಿಸಿಕೊಳ್ಳುತ್ತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡು ಹಾಟ್‌ಸ್ಪಾಟ್‌ನಲ್ಲಿ ಕೂತವರು ಟಾರ್ಚ್‌ನಂಥ ದೊಡ್ಡ ಪ್ಯಾಕೇಜಿಗೆ ಇದನ್ನು ಬಳಸಿದರೆ ಅಂದಿನ ಪ್ಯಾಕ್ ಅಲ್ಲಿಗೇ ಮುಗಿಯಬಹುದು.

ಕಾನ್ಫಿಗ್ ಬಿಡುವುದರಿಂದ ಅಪಾಯ ಇದೆಯೇ?

ಒಂದು ಕಡೆ ನಿಜವಾಗಿ ಇದೆ. ಸಂಸ್ಥೆಯ ಒಳಗಿನ ಖಾಸಗಿ ಪ್ಯಾಕೇಜುಗಳಿಗೆ ಒಳಗಿನದೇ ಇಂಡೆಕ್ಸ್ ಇರುತ್ತದೆ, ಅದರ ವಿಳಾಸ ಕಾನ್ಫಿಗ್‌ನಲ್ಲಿ. ಇಂಟರ್ನ್‌ಶಿಪ್‌ಗೆ ಹೋದ ಕಡೆ ಕಾನ್ಫಿಗ್ ಬಿಟ್ಟು ಅದೇ ಹೆಸರಿನ ಪ್ಯಾಕೇಜ್ ಕೇಳಿದರೆ ಪಿಪ್ ಸಾರ್ವಜನಿಕ ಇಂಡೆಕ್ಸಿನಲ್ಲಿ ಹುಡುಕುತ್ತದೆ. ಯಾರೋ ದುರುದ್ದೇಶದಿಂದ ಅದೇ ಹೆಸರನ್ನು ಅಲ್ಲಿ ಇಟ್ಟಿದ್ದರೆ ಅದೇ ಬಂದು ಕೂರುತ್ತದೆ. ಎಕ್ಸ್‌ಟ್ರಾ-ಇಂಡೆಕ್ಸ್-ಯುಆರ್‌ಎಲ್ ಬಳಸಿದಾಗಲೂ ಇದೇ ಅಪಾಯ, ಏಕೆಂದರೆ ಪಿಪ್ ಎರಡು ಇಂಡೆಕ್ಸ್‌ಗಳನ್ನೂ ಸಮವಾಗಿ ನೋಡಿ ದೊಡ್ಡ ಆವೃತ್ತಿ ಸಂಖ್ಯೆಯನ್ನು ಆರಿಸಿಕೊಳ್ಳುತ್ತದೆ.

ಸಹಾಯ ಕೇಳುವ ಭರದಲ್ಲಿ .ಎನ್‌ಪಿಎಂಆರ್‌ಸಿಯನ್ನು ಕ್ಯಾಟ್ ಮಾಡಿ ಸ್ಕ್ರೀನ್‌ಶಾಟನ್ನು ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. _ಆತ್‌ಟೋಕನ್ ಎಂದಿರುವ ಸಾಲು ನಿಮ್ಮ ಕೀಲಿಕೈ. ಹಾಕಿಯಾಗಿದ್ದರೆ ಸಂದೇಶ ಅಳಿಸಿದರೆ ಸಾಲದು, ಟೋಕನ್ನನ್ನೇ ರದ್ದು ಮಾಡಿಸಿ.

ಲ್ಯಾಬ್ ನೋಡಿಕೊಳ್ಳುವವರು ನಾವು. ವಿದ್ಯಾರ್ಥಿಗಳು ಕಾನ್ಫಿಗ್ ಬಿಡದಂತೆ ತಡೆಯಬಹುದೇ?

ಕಾನ್ಫಿಗ್ ಫೈಲಿನಿಂದ ಸಾಧ್ಯವಿಲ್ಲ, ಅದು ಬೀಗ ಅಲ್ಲ, ದಾರಿಫಲಕ. ಮಿರರ್ ಒಂದೇ ದಾರಿಯಾಗಬೇಕಿದ್ದರೆ ಫೈರ್‌ವಾಲ್‌ನಲ್ಲಿ ಮಾಡಬೇಕು.

ಆದರೆ ಕಾನ್ಫಿಗ್ ಎಲ್ಲಿ ಬರೆಯುತ್ತೀರಿ ಎಂಬುದರಿಂದ ಈ ಪುಟದ ಅರ್ಧ ಪ್ರಶ್ನೆಗಳು ಹುಟ್ಟದಂತೆ ಮಾಡಬಹುದು. ಲ್ಯಾಬಿನ ಸ್ವಂತ ಯಂತ್ರಗಳಲ್ಲಿ /ಇಟಿಸಿ/ಪಿಪ್.ಕಾನ್ಫ್‌ನಲ್ಲಿ ಬರೆಯಿರಿ, ಯಾರು ಲಾಗಿನ್ ಆದರೂ ಸಿಗುತ್ತದೆ, --ಐಸೊಲೇಟೆಡ್ ಕೊಟ್ಟರೂ ನಿಲ್ಲುತ್ತದೆ. ವಿದ್ಯಾರ್ಥಿಗಳು ತಂದ ಲ್ಯಾಪ್‌ಟಾಪಿನ ಹೋಮ್ ಫೋಲ್ಡರಿಗೆ ಮಾತ್ರ ಬರೆಸಬೇಡಿ. ಲ್ಯಾಬ್ ಕೆಲಸಕ್ಕೆಂದು ಒಂದು ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿಸಿ, ಅದನ್ನು ಆಕ್ಟಿವೇಟ್ ಮಾಡಿದ ಮೇಲೆ:

ಪಿಪ್ ಕಾನ್ಫಿಗ್ --ಸೈಟ್ ಸೆಟ್ ಗ್ಲೋಬಲ್.ಇಂಡೆಕ್ಸ್-ಯುಆರ್‌ಎಲ್ ಮಿರರ್‌ವಿಳಾಸ

ಇದು ಆ ಎನ್ವಿರಾನ್ಮೆಂಟಿನ ಫೋಲ್ಡರಿನೊಳಗಿನ ಪಿಪ್.ಕಾನ್ಫ್‌ಗೆ ಹೋಗುತ್ತದೆ. ಸೆಮಿಸ್ಟರ್ ಮುಗಿದ ಮೇಲೆ ಆ ಫೋಲ್ಡರ್ ಅಳಿಸಿದರೆ ವಿಳಾಸವೂ ಅದರ ಜೊತೆಗೇ ಹೋಗುತ್ತದೆ.